ಹಂದಿಗಳ ಕಾಲು ನೋಡುತ್ತಿದ್ದವರು

ನಿಮಗೆ ಯಾರಿಗಾದರೂ ಹೀಗಾಗಿದೆಯಾ? ಒಬ್ಬರು ತೀರಿಕೊಂಡಿದ್ದಾರೆ. ಶಾಮಿಯಾನದ ಕೆಳಗೆ ಕುರ್ಚಿ ಹಾಕಿಕೊಂಡು ಕೂತವರೆಲ್ಲ ಅವರ ಒಂದು ತಪ್ಪಿನ ಬಗ್ಗೆ ಮೆಲ್ಲಗೆ ಮಾತಾಡುತ್ತಿದ್ದಾರೆ. ಆ ತಪ್ಪು ಅವರದಲ್ಲ ಅಂತ ಅಷ್ಟು ಜನರಲ್ಲಿ ನಿಮಗೊಬ್ಬರಿಗೇ ಗೊತ್ತು. ಬಾಯಿ ಬಿಟ್ಟರೆ ಬದುಕಿರುವ ಇನ್ನೊಬ್ಬರು ಮುರಿದು ಬೀಳುತ್ತಾರೆ. ಸುಮ್ಮನಿದ್ದರೆ ಸತ್ತವರಿಗೆ ಮಾಡಿದ ಅನ್ಯಾಯ. ನೀವು ಕಾಫಿ ಲೋಟ ಹಿಡಿದುಕೊಂಡು ನೆಲ ನೋಡುತ್ತ ಕೂತಿದ್ದೀರಿ.

ನನಗಾಗಿದೆ. ಹೋದ ತಿಂಗಳು, ಜಯಲಕ್ಷ್ಮಿಪುರಂನ ಒಂದು ಮನೆಯ ಮುಂದೆ.

ಅವರ ಹೆಸರು ಬರೆಯುವುದಿಲ್ಲ. ಅವರ ಮಗಳು, "ಬರೀರಿ ಆಂಟಿ, ಆದ್ರೆ ಹೆಸರು ಮಾತ್ರ ಬೇಡ" ಅಂದಿದ್ದಾಳೆ. ಉಳಿದವರ ಹೆಸರನ್ನು ನಾನೇ ಬದಲಾಯಿಸಿದ್ದೇನೆ. ಓದುತ್ತ ಓದುತ್ತ ಯಾರು ಅಂತ ಹೊಳೆದರೆ ದಯವಿಟ್ಟು ಕಮೆಂಟಿನಲ್ಲಿ ಹಾಕಬೇಡಿ. ಅಷ್ಟು ಮರ್ಯಾದೆ ಉಳಿಸಿಕೊಡಿ.

ನನ್ನ ಹಳೇ ಕೆಲಸದ ಬಗ್ಗೆ ಇಲ್ಲಿ ಯಾವತ್ತೂ ಬರೆದಿಲ್ಲ. ಕೆಲವು ವರ್ಷ ನಾನು ಮೈಸೂರಿನ ಹೊರಗೆ, ಹುಣಸೂರು ರಸ್ತೆಯ ಕಡೆ, ಒಂದು ಹಂದಿ ಫಾರಂನಲ್ಲಿ ಸ್ಟೋರು ನೋಡಿಕೊಳ್ಳುತ್ತಿದ್ದೆ. ಬಂಧುಗಳಿಗೆ "ಫೀಡ್ ಕಂಪನಿ" ಅಂತ ಹೇಳಿದ್ದೆ. ಯಾವ ಪ್ರಾಣಿಯ ಫೀಡು ಅಂತ ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ದಿನಾ ಬೆಳಗ್ಗೆ ಸರಸ್ವತಿಪುರಂನಿಂದ ಫಾರಂನ ವ್ಯಾನಿನಲ್ಲಿ ಹೋಗುವುದು, ಸಂಜೆ ಬಂದು ಅಂಗೈಗೆ ನಿಂಬೆಹಣ್ಣು ತಿಕ್ಕಿಕೊಳ್ಳುವುದು. ನಿಂಬೆಹಣ್ಣಿನ ಉಪಾಯ ಹೇಳಿಕೊಟ್ಟವರು ಅವರೇ, ಫಾರಂನ ಮ್ಯಾನೇಜರ್. ನಾವೆಲ್ಲ ಬರೀ "ಸಾರ್" ಅನ್ನುತ್ತಿದ್ದೆವು.

ಮೊದಲ ದಿನ ನಾನು ಆಫೀಸಿನೊಳಗೆ ಹೋದಾಗ ಸಾರ್ ನನ್ನ ಮುಖ ನೋಡಲಿಲ್ಲ. ಪಾದದಿಂದ ಮಂಡಿಯವರೆಗೆ ನೋಡಿದರು. ಯಾವ ಥರದ ಗಂಡಸಪ್ಪ ಇವನು ಅಂತ ನನಗೆ ಉರಿಯಿತು. ಅಷ್ಟರಲ್ಲಿ ಅವರು ಕೇಳಿದರು, "ಎಡಗಾಲು ಎಳೀತೀರಲ್ಲಮ್ಮ, ಬಿದ್ದಿದ್ರಾ?"

ಬಿದ್ದಿದ್ದೆ. ಕಾಲೇಜಿನಲ್ಲಿದ್ದಾಗ, ಸ್ಕೂಟಿಯಿಂದ. ನನ್ನ ಗಂಡನಿಗೇ ಅದು ಗೊತ್ತಿರಲಿಲ್ಲ.

ಅದು ಅವರ ಚಾಳಿ. ಬಿ.ಎಸ್ಸಿ. ಓದಿ, ಕೋಳಿ ಫೀಡು ಮಾಡುವ ಕಡೆ ಬಹಳ ವರ್ಷ ದುಡಿದು ಬಂದವರು. ಎಲ್ಲಿ ಹೋದರೂ ಕಾಲು ನೋಡುತ್ತಿದ್ದರು. ಬಸ್ ಹತ್ತುವವರ ಕಾಲು, ದೇವಸ್ಥಾನದ ಮೆಟ್ಟಿಲು ಇಳಿಯುವವರ ಕಾಲು. ಒಂದು ಮದುವೆಯಲ್ಲಿ ನನ್ನ ಪಕ್ಕ ಊಟಕ್ಕೆ ಕೂತಿದ್ದರು. ಎದುರುಸಾಲಿನ ದಪ್ಪನೆಯ ಹಿರಿಯರೊಬ್ಬರು "ತಾವು ಏನ್ ಮಾಡ್ಕೊಂಡಿದೀರಿ?" ಅಂತ ಕೇಳಿದರು. "ಕಾಲು ರಿಪೇರಿ" ಅಂದರು ಸಾರ್. ಮೂಳೆ ಡಾಕ್ಟರು ಅಂದುಕೊಂಡ ಆ ಮನುಷ್ಯ ಕೈ ತೊಳೆಯುವ ಜಾಗಕ್ಕೇ ಬಂದು ಪಂಚೆ ಎತ್ತಿ ಮಂಡಿ ತೋರಿಸಿಬಿಟ್ಟರು. ಸಾರ್ ಬಗ್ಗಿ ನೋಡಿ, "ದಿನಾ ಸ್ವಲ್ಪ ಹೊತ್ತು ಬಿಸಿಲಲ್ಲಿ ಓಡಾಡಿ, ಆ ಎರಡನೇ ಹೋಳಿಗೆ ತಿನ್ಬೇಡಿ" ಅಂದರು. ವ್ಯಾನಿನಲ್ಲಿ ವಾಪಸು ಬರುವಾಗ ನಾನು ನಗು ತಡೆಯಲಾರದೆ, "ಸಾರ್, ನಮ್ದು ಹಂದಿ ಫಾರಂ ಅಂತ ಹೇಳ್ಬುಡಬೇಕಿತ್ತು" ಅಂದೆ. "ಯಾಕಮ್ಮ, ಮೂಳೆ ಮೂಳೇನೇ. ಅದಕ್ಕೇನು ಜಾತಿನಾ?" ಅಂದರು.

ಅವರು ಹಂದಿಮಾಂಸ ತಿನ್ನುತ್ತಿರಲಿಲ್ಲ. ಮನೆಗೆ ಹೋದರೆ ಹಿತ್ತಲ ನಲ್ಲಿಯಲ್ಲಿ ಸ್ನಾನ ಮುಗಿಸಿಯೇ ಒಳಗೆ ಕಾಲಿಡಬೇಕು. ಅದು ಅವರ ಹೆಂಡತಿ ಇದ್ದಾಗ ಮಾಡಿದ ಕಾನೂನು, ಆಕೆ ಹೋದ ಮೇಲೂ ಅವರು ಮುರಿಯಲಿಲ್ಲ. ಆದರೆ ಫಾರಂನಲ್ಲಿ ಮರಿ ಹಾಕುವ ಹಂದಿಗಳಿಗೆಲ್ಲ ಬಹುವಚನ. ಬೆಳಗ್ಗೆ ಶೆಡ್ಡಿಗೆ ಬಂದವರೇ, "ಅಮ್ಮಾವ್ರು ಎದ್ರಾ?" ಅಂತ ವಿಚಾರಿಸುವರು. ಒಂದು ಹಂದಿ ಎದ್ದು ನಾಲ್ಕು ಕಾಲಿನ ಮೇಲೆ ಸರಿಯಾಗಿ ಭಾರ ಬಿಡುವವರೆಗೆ ಅವರು ಟೀ ಮುಟ್ಟುತ್ತಿರಲಿಲ್ಲ.

ಇಷ್ಟಕ್ಕೂ ಅವರು ಆ ಫಾರಂಗೆ ಬಂದಿದ್ದೇ ಕಾಲಿನ ದೆಸೆಯಿಂದ. ಮೊದಲು ಅಲ್ಲಿ ಹಂದಿಗಳನ್ನು ಹೊರಗೆ ಬಯಲಿಗೆ ಬಿಡುತ್ತಿದ್ದರು. ಆಮೇಲೆ ಸುತ್ತ ಲೇಔಟು ಬಂತು, ಮನೆಗಳು ಬಂದವು, ವಾಸನೆ ಅಂತ ಜಗಳ ಬಂತು. ಯಜಮಾನರು ಬಯಲು ಮುಚ್ಚಿ, ಶೆಡ್ಡಿನ ಗೋಡೆಗಳನ್ನು ಎತ್ತರಿಸಿಬಿಟ್ಟರು. ವಾಸನೆ ನಿಂತಿತೋ ಇಲ್ಲವೋ, ಬಿಸಿಲಂತೂ ನಿಂತಿತು. ಕೆಲವೇ ತಿಂಗಳಲ್ಲಿ ಮರಿಗಳ ಮುಂಗಾಲು ಬಿಲ್ಲಿನ ಹಾಗೆ ಬಗ್ಗಿದವು. ತಾಯಿ ಹಂದಿಗಳು ಮರಿ ಹಾಕಿ ಮಲಗಿದರೆ ಏಳುತ್ತಿರಲಿಲ್ಲ. ನಾಯಿ ಕೂತ ಹಾಗೆ ಕೂತುಕೊಂಡು ಮೇವಿನ ತೊಟ್ಟಿಯವರೆಗೆ ತೆವಳುತ್ತಿದ್ದವು.

ಬಿಸಿಲು ಚರ್ಮಕ್ಕೆ ಬಿದ್ದರೆ ವಿಟಮಿನ್ ಡಿ ಮೈಯಲ್ಲೇ ತಯಾರಾಗುತ್ತದೆ, ನಮಗೂ ಅಷ್ಟೇ, ಹಂದಿಗೂ ಅಷ್ಟೇ. ಬಿಸಿಲಿಲ್ಲದಿದ್ದರೆ ಮೇವಿನಲ್ಲಿ ಕೊಡಬೇಕು. ಈಗ ನಿಮಗೆಲ್ಲ ಡಾಕ್ಟರು ಬರೆದುಕೊಡುವ, ವಾರಕ್ಕೊಂದು ಸಲ ಹಾಲಿಗೆ ಹಾಕಿಕೊಂಡು ಕುಡಿಯುವ ಪುಡಿ ಇದೆಯಲ್ಲ, ಅದೇ ವಸ್ತು. ಸಾರ್ ಬಂದು ಅದನ್ನು ಮೇವಿಗೆ ಸೇರಿಸಿದರು. ಬಗ್ಗಿದ ಕಾಲು ನೆಟ್ಟಗಾಗಲಿಲ್ಲ, ಆದರೆ ಆಮೇಲೆ ಹುಟ್ಟಿದ ಮರಿಗಳು ಗಟ್ಟಿಯಾಗಿ ನಿಂತವು.

ಆ ಪುಡಿಯ ಡಬ್ಬಿಯನ್ನು ಅವರು ಬೇರೆ ಯಾರಿಗೂ ಮುಟ್ಟಲು ಬಿಡುತ್ತಿರಲಿಲ್ಲ. ಟನ್ನುಗಟ್ಟಲೆ ಮೇವಿಗೆ ಬೇಕಾಗುವುದು ಚಿಟಿಕೆಗಳ ಲೆಕ್ಕದ ಪುಡಿ. ಮೇವು ಕಲಸುವ ಮಿಷಿನ್ನಿಗೆ ನೇರ ಸುರಿದರೆ ಒಂದು ಹಂದಿಗೆ ಎಲ್ಲ, ಇನ್ನೊಂದಕ್ಕೆ ಏನೂ ಇಲ್ಲ. ಅದಕ್ಕೇ ಅವರು ಮೊದಲು ಒಂದು ಬೊಗಸೆ ತೌಡಿಗೆ ಪುಡಿ ಬೆರೆಸುವರು, ಆ ಬೊಗಸೆಯನ್ನು ಒಂದು ಮೊರದ ತೌಡಿಗೆ, ಆ ಮೊರವನ್ನು ಒಂದು ನೀಲಿ ಟಬ್ಬಿನ ತೌಡಿಗೆ. ಟಬ್ಬಿನದು ಕೊನೆಗೆ ಮಿಷಿನ್ನಿಗೆ. ಒಂದು ಸಲ ಅವರು ಬೆರೆಸಿಕೊಟ್ಟ ಬೊಗಸೆಯನ್ನು ಹೊಸಬನೊಬ್ಬ ಮೊರದ ಹೆಜ್ಜೆ ಹಾರಿಸಿ ನೇರ ಟಬ್ಬಿಗೆ ಸುರಿದ. ಸಾರ್ ಆ ಇಡೀ ಮೇವನ್ನು ಗುಂಡಿಗೆ ಹಾಕಿಸಿದರು. ಯಜಮಾನರು ಕೂಗಾಡಿದರು. "ಕಮ್ಮಿ ಆದ್ರೆ ಮೂಳೆ ಮೆತ್ತಗಾಗತ್ತೆ. ಜಾಸ್ತಿ ಆದ್ರೆ ಸುಣ್ಣ ಎಲ್ಲಾ ರಕ್ತಕ್ಕೆ ಬಂದು ಕಿಡ್ನಿ, ಹೃದಯ ಎಲ್ಲಾನೂ ಹಿಡ್ಕೊಳತ್ತೆ. ಯಾವ್ದ್ ಬೇಕು ಹೇಳಿ" ಅಂದರು. ಜಾಸ್ತಿ ಆದರೆ ಅನ್ನುವ ಈ ಎರಡನೇ ಮಾತನ್ನು ಅವರು ಯಜಮಾನರಿಗೆ ಹೇಳಿದರು, ನನಗೆ ಹೇಳಿದರು. ಶೆಡ್ಡಿನವರಿಗೆ ಹೇಳಲಿಲ್ಲ.

ಶೆಡ್ಡಿನಲ್ಲಿ ಚಿಕ್ಕತಾಯಮ್ಮ ಇದ್ದರು. ಹತ್ತಿರದ ಹಳ್ಳಿಯವರು, ಒಂಟಿ ಹೆಂಗಸು, ಮರಿಗಳ ಶೆಡ್ಡು ಅವರದು. ಬಾಯಿ ಜೋರು. ಮೊದಲು ಮರಿಗಳು ಕಾಲೆಳೆಯುತ್ತಿದ್ದಾಗ ಒಂದೊಂದನ್ನೇ ಎತ್ತಿಕೊಂಡು ಬಾಗಿಲ ಸಂದಿನಿಂದ ಬೀಳುವ ಬಿಸಿಲಿಗೆ ಹಿಡಿದು ಕೂರುತ್ತಿದ್ದರಂತೆ. ಸಾರ್ ಬಂದು ಮರಿಗಳು ಎದ್ದು ನಿಂತ ಮೇಲೆ ಆಕೆಗೆ ಸಾರ್ ಅಂದರೆ ದೇವರು. "ಎಂಗಾರ ಬಿದ್ದಿರ್ಲಿ, ಸಾರ್ ಕೈ ಬಿದ್ರೆ ಎದ್ ನಿಂತ್ಕತವೆ ಕಣವ್ವ" ಅಂತ ಹೋದವರಿಗೆ ಬಂದವರಿಗೆ ಹೇಳುವರು. ಸಾರ್ ಆಕೆಯನ್ನು ರೇಗಿಸುವರು. "ಚಿಕ್ಕತಾಯಮ್ಮ, ನಿಮ್ ಕಾಲು ನೋಡಿದ್ರೆ ಇನ್ನೂ ಇಪ್ಪತ್ ವರ್ಷ ನನ್ ತಲೆ ತಿಂತೀರಿ." ಆಕೆ ಸೀರೆ ನೆರಿಗೆ ಇಳಿಬಿಟ್ಟುಕೊಂಡು, "ನನ್ ಕಾಲ್ ಯಾಕ್ ನೋಡೀರಿ, ನಿಮ್ ಅಮ್ಮಾವ್ರ ಕಾಲ್ ನೋಡ್ಕಳಿ" ಅನ್ನುವರು.

ಒಂದು ವರ್ಷ ತಾಯಿ ಹಂದಿಯೊಂದು ಮರಿ ಹಾಕಿದ ಕೂಡಲೇ ಸತ್ತಿತು. ಮರಿಗಳಿಗೆ ಚಿಕ್ಕತಾಯಮ್ಮ ಬಾಟಲಿ ಹಾಲು ಕುಡಿಸಿ ಬೆಳೆಸಿದರು. ದಸರಾ ಹೊತ್ತಿಗೆ ಅವು ದುಂಡಗಾಗಿ, ಆಕೆಯ ದನಿ ಕೇಳಿದರೆ ಸಾಕು, ಗೇಟಿಗೆ ಬಂದು ಮೂತಿ ಒತ್ತುವಷ್ಟು ದೊಡ್ಡವಾಗಿದ್ದವು.

ಆಯುಧ ಪೂಜೆಯ ಹಿಂದಿನ ದಿನ. ಮಿಷಿನ್ನು ತೊಳೆದು ಪೂಜೆ ಮಾಡಿದರೆ ವಿಜಯದಶಮಿ ಕಳೆಯುವವರೆಗೆ ಅದನ್ನು ಓಡಿಸುವ ಹಾಗಿಲ್ಲ. ಆದ್ದರಿಂದ ಆ ದಿನಗಳ ಮೇವನ್ನು ಮುಂಚೆಯೇ ಮಾಡಿಟ್ಟಿದ್ದೆವು. ಹಬ್ಬ ಕಳೆದ ಮೇಲಿನದಕ್ಕೂ ಒಂದು ದೊಡ್ಡ ಸುತ್ತು ಮುಗಿಸಿಬಿಡೋಣ ಅಂತ ಸಾರ್ ಟಬ್ಬಿನಲ್ಲಿ ಪುಡಿ ಬೆರೆಸಿದ ತೌಡು ಸಿದ್ಧ ಮಾಡಿದರು. ಅಷ್ಟರಲ್ಲಿ ಕರೆಂಟು ಹೋಯಿತು. ಬರಲೇ ಇಲ್ಲ. ಹೆಂಗಸರು ನೀರು, ಪೊರಕೆ ಹಿಡಿದುಕೊಂಡು ಮಿಷಿನ್ನು ತೊಳೆಯಲು ಕಾಯುತ್ತಿದ್ದರು. "ಸರಿ, ತೊಳೀರಿ" ಅಂದರು ಸಾರ್. ಟಬ್ಬಿಗೆ ನೀರು ತಾಗಬಾರದು ಅಂತ ಅದನ್ನು ಸ್ಟೋರಿನ ಮೂಲೆಯಲ್ಲಿ, ತೌಡಿನ ಚೀಲಗಳ ಪಕ್ಕ ಇಟ್ಟರು. ಮೇಲೆ ಮುಚ್ಚಲಿಲ್ಲ. ಒಂದು ಚೀಟಿಯನ್ನೂ ಅಂಟಿಸಲಿಲ್ಲ. ಅಷ್ಟು ವರ್ಷದಲ್ಲಿ ಟಬ್ಬು ಹಾಗೆ ಉಳಿದದ್ದೇ ಇರಲಿಲ್ಲ.

ನಾನು ಹಬ್ಬಕ್ಕೆ ಮನೆಯಲ್ಲಿದ್ದೆ. ವಿಜಯದಶಮಿಯ ದಿನ ಜಂಬೂ ಸವಾರಿಯನ್ನು ಟೀವಿಯಲ್ಲಿ ನೋಡುತ್ತಿದ್ದಾಗ ಫೋನು ಬಂತು. ಮರಿಗಳ ಶೆಡ್ಡಿನಲ್ಲಿ ವಾಂತಿ ಶುರುವಾಗಿದೆ ಅಂತ. ಮಾರನೇ ದಿನ ಬೆಳಗ್ಗೆ ಹೋದೆ.

ನಾನು ನೋಡಿದ್ದನ್ನು ಇದ್ದ ಹಾಗೆ ಹೇಳುತ್ತೇನೆ, ಊಟ ಮಾಡುತ್ತ ಓದುತ್ತಿದ್ದರೆ ನಿಲ್ಲಿಸಿ. ಬಾಟಲಿ ಹಾಲಿನ ಆ ಮರಿಗಳು ಒಂದರ ಮೇಲೊಂದು ಬಿದ್ದಿದ್ದವು. ಕೆಲವು ಸತ್ತಿದ್ದವು. ಉಳಿದವು ನೀರಿಗಾಗಿ ಬಾಯಿ ತೆರೆಯುತ್ತಿದ್ದವು, ಕುಡಿದದ್ದು ರಕ್ತದ ಜೊತೆ ಹೊರಗೆ ಬರುತ್ತಿತ್ತು. ಉಸಿರಿಗೆ ಪಕ್ಕೆ ಹಾರುತ್ತಿತ್ತು. ಒಂದಕ್ಕೂ ಕಾಲಿನ ಮೇಲೆ ನಿಲ್ಲಲು ಆಗುತ್ತಿರಲಿಲ್ಲ. ಸಾರ್ ಮಂಡಿಯೂರಿ ಚಮಚದಲ್ಲಿ ನೀರು ಬಿಡುತ್ತಿದ್ದರು. ಚಿಕ್ಕತಾಯಮ್ಮ ಒಂದು ಮರಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಉಳಿದ ಶೆಡ್ಡುಗಳಲ್ಲಿ ಏನೂ ಆಗಿರಲಿಲ್ಲ.

ಸಾರ್ ಎದ್ದು ಸ್ಟೋರಿಗೆ ಹೋದರು. ನಾನೂ ಹಿಂದೆ ಹೋದೆ. ಮೂಲೆ ನೋಡಿದರು. ವಾಪಸು ಬಂದು ಖಾಲಿ ತೊಟ್ಟಿಯ ಅಂಚಿಗೆ ಬೆರಳು ಸವರಿ ಮೂಸಿದರು. ಆಮೇಲೆ ಆಕೆಯ ಪಕ್ಕ ಕುಕ್ಕರಗಾಲಿನಲ್ಲಿ ಕೂತರು.

"ಚಿಕ್ಕತಾಯಮ್ಮ, ಹಬ್ಬಕ್ಕೆ ಇವಕ್ಕೆ ಏನ್ ಹಾಕಿದ್ರಿ?"

"ಇನ್ನೇನ್ ಹಾಕಾನೆ ಸಾರ್. ಎಲ್ಲಾರ್ ಮನೇಲೂ ಒಬ್ಬಟ್ಟು. ಇವಕ್ಕೂ ಇರ್ಲಿ ಅಂತ ತೌಡು, ಬೆಲ್ಲ, ಪೂಜೆ ಬಾಳೆಹಣ್ಣು ಕಲಸಿ ಇಕ್ದೆ. ಎಲ್ಲಾ ನೆಕ್ಕಂಡ್ ನೆಕ್ಕಂಡ್ ತಿಂದೋ. ಯಾಕ್ ಸಾರ್?"

ಸಾರ್ ಆಕೆಯ ತೊಡೆಯ ಮೇಲಿನ ಮರಿಯ ಕಿವಿ ಸವರಿದರು. "ಏನಿಲ್ಲ. ಒಳ್ಳೇದ್ ಮಾಡಿದ್ರಿ" ಅಂದರು.

ನನಗೆ ಆ ಕ್ಷಣದಲ್ಲಿ ಏನೂ ಅರ್ಥವಾಗಲಿಲ್ಲ. ನಾನು ಅಂದುಕೊಂಡದ್ದು, ದುಃಖದಲ್ಲಿರುವ ಹೆಂಗಸಿಗೆ ಸಮಾಧಾನ ಹೇಳುತ್ತಿದ್ದಾರೆ ಅಂತ.

ಮಧ್ಯಾಹ್ನ ಹೊರಗಿನಿಂದ ದನದ ಡಾಕ್ಟರು ಬಂದು ಒಂದು ಮರಿಯನ್ನು ಕೊಯ್ದು ನೋಡಿದರು. ವಿಟಮಿನ್ ಡಿ ವಿಪರೀತ ಹೋದ ಹಾಗೆ ಕಾಣುತ್ತದೆ, ಮೇವಿಗೆ ಪುಡಿ ಹಾಕುವವರು ಯಾರು ಅಂತ ಕೇಳಿದರು. ಎಲ್ಲರೂ ಅಂಗಳದಲ್ಲಿ ನಿಂತಿದ್ದೆವು. ಸಾರ್ ಮುಂದೆ ಬಂದರು.

"ನಾನೇ. ಆ ಶೆಡ್ಡಿನ ಮೇವಲ್ಲಿ ಜಾಸ್ತಿ ಹೋಗಿದೆ. ನನ್ ತಪ್ಪು."

ಯಜಮಾನರು ಅವರ ಮುಖವನ್ನೇ ನೋಡಿದರು. "ಇನ್ನೊಬ್ರು ಒಂದ್ ಹೆಜ್ಜೆ ತಪ್ಪಿದ್ದಕ್ಕೆ ಮೇವೆಲ್ಲಾ ಗುಂಡಿಗೆ ಹಾಕ್ಸಿದ್ರಲ್ರೀ ನೀವು" ಅಂದರು. ಸಾರ್ ತಲೆಯಾಡಿಸಿದರು. "ನಾಳೆಯಿಂದ ಬರ್ಬೇಡಿ" ಅಂದು ಯಜಮಾನರು ಒಳಗೆ ಹೋದರು.

ಮಾತು ಅಲ್ಲಿಗೇ ಮುಗಿದಿದ್ದರೆ ನಾನು ಇವತ್ತು ಬರೆಯುತ್ತಿರಲಿಲ್ಲ. ಶೆಡ್ಡಿನ ಬಾಗಿಲಿನಿಂದ ಚಿಕ್ಕತಾಯಮ್ಮ ಬಂದರು. ಅಷ್ಟು ವರ್ಷ ಸಾರ್, ನೀವು, ತಾವು ಅಂದ ಬಾಯಿ. "ನನ್ ಮಕ್ಕಳಂಗೆ ಸಾಕಿದ್ನಲ್ಲೋ ಪಾಪಿ. ದೇವ್ರು ಅನ್ಕಂಡಿದ್ದೆ ನಿನ್ನ. ವಿಸ ಹಾಕ್ಬುಟ್ಯಲ್ಲೋ. ನಿನ್ ಕೈ ಸೇದೋಗ, ನೀನೂ ಇಂಗೇ ನೆಲ ಹಿಡಿದು ಸಾಯ." ಮಣ್ಣು ತೂರಿದರು. ಅವರ ಅಂಗಿಯ ಮೇಲೆ ಬಿತ್ತು. ಸಾರ್ ಒದರಿಕೊಳ್ಳಲಿಲ್ಲ. ಜೆಸಿಬಿ ಬಂದು ಗುಂಡಿ ತೋಡಿ, ಮರಿಗಳನ್ನು ಇಳಿಸಿ, ಸುಣ್ಣ ಚೆಲ್ಲಿ ಮುಚ್ಚುವವರೆಗೆ ಅದೇ ಅಂಗಿಯಲ್ಲಿ ನಿಂತಿದ್ದು, ಆಮೇಲೆ ಸ್ಕೂಟರ್ ಹತ್ತಿ ಹೋದರು.

ಮತ್ತೆ ಅವರಿಗೆ ಎಲ್ಲೂ ಕೆಲಸ ಸಿಗಲಿಲ್ಲ. ಈ ಕಸುಬಿನಲ್ಲಿ ಸುದ್ದಿ ಮೇವಿನ ಲಾರಿಯ ಜೊತೆಯೇ ಊರೂರಿಗೆ ಹೋಗುತ್ತದೆ. ಒಂದು ಫೀಡು ಅಂಗಡಿಯಲ್ಲಿ ಕೆಲವು ದಿನ ಕೂತರು. ಬಂದ ಗಿರಾಕಿಗಳು "ಇವ್ರೇ ಅಲ್ವಾ" ಅಂತ ಅಂಗಡಿಯವರ ಕಿವಿಯಲ್ಲಿ ಹೇಳಿದ ಮೇಲೆ ಅದೂ ನಿಂತಿತು. ಮಗಳು ದುಡಿಯುತ್ತಿದ್ದಳು, ಊಟಕ್ಕೆ ಕಷ್ಟವಾಗಲಿಲ್ಲ. ಮನುಷ್ಯ ಮಾತ್ರ ಮುದುಡಿಹೋದರು. ನಾನು ಆಗೀಗ ಹೋಗಿ ಬರುತ್ತಿದ್ದೆ. ಜಗುಲಿಯ ಕುರ್ಚಿಯಲ್ಲಿ ಕೂತು ರಸ್ತೆಯಲ್ಲಿ ಓಡಾಡುವವರನ್ನು ನೋಡುತ್ತಿದ್ದರು, ಆದರೆ ಕಾಲನ್ನಲ್ಲ. ತಲೆಗಳ ಮೇಲಿಂದ ಎಲ್ಲೋ. ನನ್ನ ಮಂಡಿಗೆ ಆಪರೇಷನ್ ಆಗಿ ನಾನು ಕೋಲು ಹಿಡಿದುಕೊಂಡು ಹೋದ ದಿನವೂ ಅವರು ಕಾಲಿನ ಬಗ್ಗೆ ಕೇಳಲಿಲ್ಲ. ನನಗೆ ಅದೇ ಎಲ್ಲಕ್ಕಿಂತ ಹೆಚ್ಚು ಸಂಕಟವಾಯಿತು.

ಈ ವರ್ಷ ಅವರ ಕಿಡ್ನಿ ಕೈಕೊಟ್ಟಿತು. ಕೊನೆಯ ಸಲ ಹೋದಾಗ ಮಂಚದಲ್ಲಿದ್ದರು. ಮಾತಿಗೆ ಮಾತು ಬಂದು, ನಾನು ಆ ಬೆಳಗ್ಗೆ ಅವರು ತೊಟ್ಟಿ ಮೂಸಿದ್ದರ ಬಗ್ಗೆ ಕೇಳಿದೆ. ಆಗ ಹೇಳಿದರು. ಚೀಲಗಳ ಬಾಯಿ ಹೊಲಿದಿತ್ತು. ಟಬ್ಬು ತೆರೆದಿತ್ತು. ಆಕೆಗೆ ಕಂಡದ್ದು ತೌಡು, ಟಬ್ಬಿನದನ್ನೇ ಬಾಚಿ ಕಲಸಿದ್ದರು. ಇಡೀ ಫಾರಂನ ಎಷ್ಟೋ ದಿನದ ಪುಡಿ ಬೆಲ್ಲದ ಜೊತೆ ಆ ಮರಿಗಳ ಹೊಟ್ಟೆಗೆ ಹೋಯಿತು.

ನನಗೆ ಮೈಯೆಲ್ಲ ಉರಿಯಿತು. "ಅಷ್ಟು ಜನರ ಮುಂದೆ ಮಣ್ಣು ತೂರಿದ್ಲಲ್ಲ ಸಾರ್. ಯಾಕ್ ಹೇಳ್ಲಿಲ್ಲ?"

"ಏನಂತ ಹೇಳ್ಲಿ? ನೀನೇ ಕೊಂದಿದ್ದು ಅಂತನಾ? ಟಬ್ಬು ತೆರೆದಿಟ್ಟಿದ್ ನಾನು. ಆ ಪುಡಿ ಒಳ್ಳೇದು, ಒಳ್ಳೇದು ಅಂತ ವರ್ಷಗಟ್ಲೆ ಅವಳ ಮುಂದೆ ಹೇಳಿದ್ ನಾನು. ಜಾಸ್ತಿ ಆದ್ರೆ ಸಾಯ್ತವೆ ಅಂತ ಒಂದಿನಾನೂ ಹೇಳ್ಲಿಲ್ಲ. ಹೆದರ್ಕೊಂಡ್ ಬುಡ್ತಾಳೆ ಅಂತ. ಇನ್ನ ತಪ್ಪು ಯಾರ್ದು?"

"ಆದ್ರೂ ಸಾರ್."

"ಬೇರೆ ಕೆಲ್ಸ ಸಿಗತ್ತೆ ಅನ್ಕೊಂಡಿದ್ದೆ ಕಣಮ್ಮ. ಸಿಗ್ಲಿಲ್ಲ." ಗೋಡೆಯ ಕಡೆ ಹೊರಳಿ ಹೇಳಿದರು, "ನಾನೇನು ಮಹಾತ್ಮ ಅಲ್ಲ. ಹೋಗಿ ಹೇಳ್ಬುಡೋಣ ಅಂತ ಎಷ್ಟೋ ಸಲ ಚಪ್ಪಲಿ ಮೆಟ್ಕೊಂಡು ಗೇಟ್ ತನಕ ಹೋಗಿದೀನಿ. ನೀನೇ ಕಣೇ ಅಂತ ಅವಳ ಮುಖಕ್ಕೆ ಹೇಳ್ಬೇಕು ಅನ್ಸೋದು. ಅಲ್ಲಿ ತನಕ ಹೋಗಿ ವಾಪಸ್ ಬರೋದು."

ಹೇಳಬೇಡಿ ಅಂತ ನನ್ನಿಂದ ಆಣೆ ತೆಗೆದುಕೊಳ್ಳಲಿಲ್ಲ. ಹೇಳಿ ಅಂತಲೂ ಅನ್ನಲಿಲ್ಲ. ಅದಾದ ಮೇಲೆ ಬೇಗ ಹೋಗಿಬಿಟ್ಟರು. ಕೊನೆಯ ದಿನಗಳಲ್ಲಿ ಬಾಯಾರಿಕೆ, ಬಾಯಾರಿಕೆ ಅನ್ನುತ್ತಿದ್ದರು, ಡಾಕ್ಟರು ನೀರು ಅಳತೆಯಲ್ಲಿ ಕೊಡಿ ಅಂದಿದ್ದರಂತೆ. ಮಗಳು ಅದನ್ನು ಹೇಳಿದಾಗ ನಾನು ಮುಖ ಆ ಕಡೆ ತಿರುಗಿಸಿಕೊಂಡೆ. ಶಾಮಿಯಾನದ ಕೆಳಗೆ ಫಾರಂನ ಹಳಬರು ಇಬ್ಬರು ಬಂದಿದ್ದರು. "ಹಂದಿಗೆ ವಿಷ ಹಾಕಿದ ಶಾಪ" ಅಂತ ಅವರೇ ಶುರು ಮಾಡಿದ್ದು.

ಮೊನ್ನೆ ಸಂಜೆ ಚಿಕ್ಕತಾಯಮ್ಮ ನನ್ನ ಮನೆ ಹುಡುಕಿಕೊಂಡು ಬಂದರು. ಈಗ ತಮ್ಮ ಊರಲ್ಲಿ ಯಾರದೋ ಹಸು ನೋಡಿಕೊಳ್ಳುತ್ತಾರೆ. ಬೆನ್ನು ಬಾಗಿದೆ, ಕಾಲು ಗಟ್ಟಿಯಿದೆ. ಒಳಗೆ ಬನ್ನಿ ಅಂದರೂ ಬಾಗಿಲಲ್ಲೇ ಕೂತರು.

"ವೋದ್ನಂತೆ?"

"ಹೂಂ ಚಿಕ್ಕತಾಯಮ್ಮ. ಹೋದ್ರು."

"ಸಾಯೋವಾಗ್ಲೂ ಒಪ್ಕಂಡ್ನಾ?"

ನಾನು ಬಾಯಿ ತೆರೆದೆ. ನಿಜವಾಗಿಯೂ ಹೇಳಲೆಂದೇ ತೆರೆದೆ. ಅಷ್ಟರಲ್ಲಿ ಆಕೆಯೇ ಸೆರಗಿನ ತುದಿ ಬೆರಳಿಗೆ ಸುತ್ತಿಕೊಳ್ಳುತ್ತ ಮಾತಾಡಿದರು. "ಅವ್ನ್ ಏನಾರ ಮಾಡ್ಲಿ ಕಣವ್ವ. ನಂಗೆ ಒಂದೇ ಸಮಾದಾನ. ಸಾಯೋಕ್ ಮುಂಚೆ ಅವು ನನ್ ಕೈಲಿ ಒಂದ್ ದಪ ಹಬ್ಬದೂಟ ಉಂಡ್ಕಂಡ್ ವೋದೋ. ಬೆಲ್ಲ ಹಾಕಿ ಕಲಸಿದ್ದೆ. ಅದೊಂದ್ ನೆನೆಸ್ಕಂಡ್ರೆ ನಿದ್ದೆ ಬತ್ತದೆ."

ಒಳಗೆ ಕುಕ್ಕರ್ ಕೂಗಿತು. ನಾನು ಏಳಲಿಲ್ಲ.

"ಒಪ್ಕೊಂಡ್ರು ಚಿಕ್ಕತಾಯಮ್ಮ" ಅಂದೆ. "ತಪ್ಪು ನಂದೇ ಅಂದ್ರು."

"ಅಂಗಾರೆ ಸರಿ" ಅಂದರು ಆಕೆ. "ಇನ್ಮೇಲೆ ಬಯ್ಯಕಿಲ್ಲ ಬುಡು." ಎದ್ದು, ಚಪ್ಪಲಿ ಮೆಟ್ಟಿಕೊಂಡು, ಬಸ್ಸಿನ ಹೊತ್ತಾಯಿತು ಅಂತ ಹೊರಟರು. ಗೇಟಿನವರೆಗೂ ನಾನು ಅವರ ಕಾಲನ್ನೇ ನೋಡುತ್ತ ನಿಂತಿದ್ದೆ.

ಆಕೆಯ ಬಳಿ ಇರುವುದು ಬಟನ್ ಫೋನು. ಇದನ್ನು ಓದುವುದಿಲ್ಲ. ನೀವು ಓದಿದ್ದೀರಿ. ನಾನು ಮಾಡಿದ್ದು ಸರಿ ಅಂತ ಹೇಳಿಸಿಕೊಳ್ಳಲು ಬರೆದಿಲ್ಲ, ಲೈಕ್ ಬೇಡ, ಕೈಮುಗಿಯುವ ಚಿತ್ರವೂ ಬೇಡ. ನಿಮ್ಮಲ್ಲಿ ಯಾರಾದರೂ ಇಂಥದ್ದನ್ನು ಹೊತ್ತುಕೊಂಡಿದ್ದೀರಾ? ಸತ್ತವರ ಹೆಸರು ಉಳಿಸಲು ನಿಜ ಹೇಳಿದ್ದೀರಾ, ಬದುಕಿದವರ ನಿದ್ದೆ ಉಳಿಸಲು ಮುಚ್ಚಿಟ್ಟಿದ್ದೀರಾ? ಆಮೇಲೆ ನಿಮಗೆ ನಿದ್ದೆ ಬಂತಾ? ಹೆಸರಿಲ್ಲದೆ ಬರೆಯಿರಿ. ನಾನು ಓದುತ್ತೇನೆ.